ಗಾಜಿಗೆ ಅಂಟಿದ ಫೋಟೋದಿಂದ 30×40 ಇಂಚಿನ ಭಾವಚಿತ್ರ: ಕೆಲಸದ ದಾಖಲೆ

ಕಲಬುರಗಿಯ ಶರಣಬಸವೇಶ್ವರ ಜಾತ್ರೆ ಮುಗಿದ ವಾರ ಈ ಕೆಲಸ ಒಪ್ಪಿಕೊಂಡೆ. ಚಿತ್ತಾಪುರ ತಾಲೂಕಿನ ಒಕ್ಕಲುತನದ ಮನೆಯವರಿಗೆ ತೀರಿಹೋದ ಹಿರಿಯರ ಅರ್ಧದೇಹದ ತೈಲವರ್ಣ ಭಾವಚಿತ್ರ ಬೇಕಾಗಿತ್ತು. ಅಳತೆ 30×40 ಇಂಚು, ಫ್ರೇಮು ಸೇರಿ 28,000 ರೂಪಾಯಿ, ಅರ್ಧ ಹಣ ಮುಂಗಡ, ಜೂನ್ ಎರಡನೇ ವಾರದ ಪುಣ್ಯಸ್ಮರಣೆಗೆ ಗೋಡೆ ಏರಬೇಕು ಎಂಬುದು ಕರಾರು. ಕೆಲಸ ಹೇಳಿದವರು ಕಲಬುರಗಿಯಲ್ಲೇ ನೌಕರಿಯಲ್ಲಿರುವ ಮೊಮ್ಮಗ. ಎದುರಿಗೆ ಕುಳಿತು ಚಿತ್ರ ಬರೆಸಿಕೊಳ್ಳುವವರು ನಮ್ಮ ಕಡೆ ಅಪರೂಪ. ಆರ್ಡರ್ ಎಂದರೆ ಬಹುಮಟ್ಟಿಗೆ ತೀರಿಹೋದವರ ಒಂದು ಹಳೆಯ ಫೋಟೋ ಮತ್ತು ಒಂದು ತಾರೀಖು. ಇಲ್ಲಿ ಕೂಡ ಸಿಕ್ಕಿದ್ದು ಒಂದೇ ಫೋಟೋ, ಅದೂ ಗಾಜಿಗೆ ಅಂಟಿಕೊಂಡಿದ್ದು.

ಹಂತ 1. ಫೋಟೋದಿಂದ ಕೆಲಸಕ್ಕೆ ಬರುವ ಪ್ರತಿ ತೆಗೆದದ್ದು (ಮಾರ್ಚ್ ಕೊನೆ)

ಪೋಸ್ಟ್‌ಕಾರ್ಡ್ ಅಳತೆಯ ಕಪ್ಪು-ಬಿಳುಪು ಫೋಟೋ, 1970ರ ದಶಕದಲ್ಲಿ ಸ್ಟುಡಿಯೋದಲ್ಲಿ ತೆಗೆಸಿದ್ದು. ಮಳೆಗಾಲದಲ್ಲಿ ಗೋಡೆ ನೆನೆದು ಫ್ರೇಮಿನೊಳಗೆ ತೇವ ಸೇರಿದಾಗ ಫೋಟೋದ ಮೇಲ್ಪದರದ ಜೆಲಾಟಿನ್ ಮೆತ್ತಗಾಗಿ ಗಾಜಿಗೆ ಹಿಡಿದುಕೊಂಡು, ಬೇಸಿಗೆಯಲ್ಲಿ ಹಾಗೆಯೇ ಒಣಗಿಬಿಟ್ಟಿತ್ತು. ಮನೆಯಲ್ಲಿ ಯಾರೋ ಒಂದು ಮೂಲೆ ಕೀಳಲು ನೋಡಿದ್ದರಿಂದ ಅಲ್ಲಿ ಬಿಳಿ ಕಾಗದ ಮಾತ್ರ ಉಳಿದಿತ್ತು. ಹೀಗೆ ಅಂಟಿದ ಫೋಟೋವನ್ನು ಕೀಳಬಾರದು, ಬ್ಲೇಡು ಹಾಕಬಾರದು. ಗಾಜಿನ ಸಮೇತವೇ ಪ್ರತಿ ತೆಗೆಯಬೇಕು.

ಮೊದಲು ಝೆರಾಕ್ಸ್ ಅಂಗಡಿಯ ಸ್ಕ್ಯಾನರಿನಲ್ಲಿ 1200 ಡಿಪಿಐಗೆ (ಇಂಚಿಗೆ 1200 ಚುಕ್ಕೆ) ಹಾಕಿಸಿದೆ. ಫೈಲು ದೊಡ್ಡದಾಯಿತೇ ಹೊರತು ಮುಖ ಮಸುಕಾಗಿಯೇ ಬಂತು. ಇಂಥ ಅಂಗಡಿಗಳಲ್ಲಿರುವ ತೆಳುವಾದ ಸ್ಕ್ಯಾನರುಗಳು ತಮ್ಮ ಗಾಜಿಗೆ ತಾಗಿ ಕುಳಿತ ಕಾಗದವನ್ನಷ್ಟೇ ಸ್ಪಷ್ಟವಾಗಿ ಓದುತ್ತವೆ. ನಡುವೆ 2 ಮಿಲಿಮೀಟರ್ ದಪ್ಪದ ಇನ್ನೊಂದು ಗಾಜು ಬಂದರೆ ಅವುಗಳ ಫೋಕಸ್ ಅಲ್ಲಿಯವರೆಗೆ ಮುಟ್ಟುವುದಿಲ್ಲ. ಆಮೇಲೆ ಪರಿಚಯದ ಫೋಟೋಗ್ರಾಫರ್ ಹತ್ತಿರ ಫ್ರೇಮನ್ನು ಮೇಜಿನ ಮೇಲೆ ಮಲಗಿಸಿ, ಎಡಬಲಕ್ಕೆ 45 ಡಿಗ್ರಿ ಓರೆಯಲ್ಲಿ ಒಂದೊಂದು ದೀಪ ಇಟ್ಟು, ಕ್ಯಾಮರಾದ ಸುತ್ತ ಕಪ್ಪು ಬಟ್ಟೆ ಕಟ್ಟಿ ಮೇಲಿನಿಂದ ತೆಗೆಸಿದಾಗ ಗಾಜಿನ ಹೊಳಪು ಪೂರ್ತಿ ಹೋಯಿತು. ಮೊಬೈಲಿನಲ್ಲಿ ಹತ್ತಿರದಿಂದ ತೆಗೆದರೆ ಅಂಚುಗಳು ಎಳೆದಂತಾಗಿ ಮುಖದ ಅಳತೆಯೇ ಕೆಡುತ್ತದೆ. ಮೊಬೈಲೇ ಗತಿಯಾದರೆ ದೂರ ನಿಂತು ಎರಡು ಪಟ್ಟು ಝೂಮ್ ಮಾಡಿ ತೆಗೆಯುವುದು ಮೇಲು.

ಇಷ್ಟರಲ್ಲಿ ಮೊಮ್ಮಗ ಯಾವುದೋ ಆ್ಯಪ್‌ನಲ್ಲಿ ಫೋಟೋಗೆ ಬಣ್ಣ ತುಂಬಿ, ಚುರುಕುಗೊಳಿಸಿ ಕಳಿಸಿದರು. ನೋಡಲು ಬಹಳ ಚೆಂದವಿತ್ತು. ಆದರೆ ಮೂಲದಲ್ಲಿ ಕಣ್ಣು ಎಂದರೆ ಒಂದು ಕಪ್ಪು ಚುಕ್ಕೆ ಮತ್ತು ಅದರ ಮೇಲೊಂದು ಗೆರೆ ಅಷ್ಟೆ. ರೆಪ್ಪೆಯ ಕೂದಲು, ಕಣ್ಣಾಲಿಯ ಹೊಳಪು, ಮೂಗಿನ ಹೊಳ್ಳೆಯ ತಿರುವು ಎಲ್ಲವನ್ನೂ ಆ್ಯಪ್ ತನ್ನ ಕಡೆಯಿಂದ ಹಾಕಿತ್ತು. ಅಂಥ ಪ್ರತಿಯನ್ನು ಕೆಲಸದ ಕೋಣೆಯಲ್ಲಿ ಇಟ್ಟುಕೊಳ್ಳುವುದೇ ಅಪಾಯ, ಏಕೆಂದರೆ ಮಸುಕಾದ ಮೂಲಕ್ಕಿಂತ ಸ್ಪಷ್ಟವಾದ ಸುಳ್ಳಿನ ಕಡೆಗೆ ಕಣ್ಣು ತಾನಾಗಿಯೇ ಹೋಗುತ್ತದೆ.

ಹಂತ 2. ಚೌಕಟ್ಟು ಮತ್ತು ಕ್ಯಾನ್ವಾಸ್ (ಏಪ್ರಿಲ್ ಮೊದಲ ವಾರ)

ಕ್ಯಾನ್ವಾಸ್ ಬಿಗಿಯುವ ಚೌಕಟ್ಟಿಗೆ ಸಾಗವಾನಿಯ 2×1 ಇಂಚಿನ ಪಟ್ಟಿಗಳು, ನಡುವೆ ಒಂದು ಅಡ್ಡಪಟ್ಟಿ. ಪಟ್ಟಿಗಳ ಒಳಅಂಚಿಗೆ ರಂದಾ ಹಿಡಿಸಿ ಇಳಿಜಾರು ಮಾಡಿಸಲೇಬೇಕು. ಇಲ್ಲದಿದ್ದರೆ ವರ್ಷ ಕಳೆಯುವಷ್ಟರಲ್ಲಿ ಕ್ಯಾನ್ವಾಸಿನ ಮೇಲೆ ಪಟ್ಟಿಯ ಗೆರೆ ಎದ್ದು ಕಾಣುತ್ತದೆ. 30×40ರಲ್ಲಿ ಒಂದು ಅನುಕೂಲವಿದೆ: ಮೂಲೆಯಿಂದ ಮೂಲೆಗೆ ಎರಡೂ ಕಡೆ ಟೇಪ್ ಹಿಡಿದಾಗ ಸರಿಯಾಗಿ 50 ಇಂಚು ಬಂದರೆ ಚೌಕ ಸರಿ ಎಂದರ್ಥ. ಕ್ಯಾನ್ವಾಸನ್ನು 36×46 ಕತ್ತರಿಸಿ, ನಾಲ್ಕೂ ಬದಿಯ ನಡುವಿನಿಂದ ಮೂಲೆಗಳ ಕಡೆಗೆ ಇಕ್ಕಳದಿಂದ ಎಳೆಯುತ್ತ ಸ್ಟೇಪಲ್ ಹೊಡೆದು, ಮೇಲೆ ಇನ್ನೊಂದು ಕೋಟು ಪ್ರೈಮರ್ ಹಚ್ಚಿ 220 ನಂಬರಿನ ಸ್ಯಾಂಡ್‌ಪೇಪರ್ ಆಡಿಸಿದೆ.

ಹಂತ 3. ರೇಖೆ, ಮತ್ತು ಅಂಗಿಯ ಜೇಬು (ಏಪ್ರಿಲ್)

ಫೋಟೋದ ಕೆಳಭಾಗ ಬಿಟ್ಟು ಉಳಿದದ್ದನ್ನು 7.5×10 ಇಂಚಿಗೆ ಪ್ರಿಂಟ್ ಹಾಕಿಸಿ ಅದರ ಮೇಲೆ ಅರ್ಧ ಇಂಚಿನ ಚೌಕಗಳನ್ನೂ ಕ್ಯಾನ್ವಾಸಿನ ಮೇಲೆ 2 ಇಂಚಿನ ಚೌಕಗಳನ್ನೂ ಎಳೆದರೆ ಒಟ್ಟು 300 ಮನೆಗಳಾಗುತ್ತವೆ. ಮುಖ ಬರುವ ಮನೆಗಳನ್ನು ಮತ್ತೆ ಅರ್ಧ ಮಾಡಿಕೊಂಡೆ. ಗದ್ದದಿಂದ ತಲೆಯ ರುಮಾಲಿನ ಅಂಚಿನವರೆಗೆ ಕ್ಯಾನ್ವಾಸಿನಲ್ಲಿ 6 ಇಂಚು ಇಟ್ಟಿದ್ದೆ. ಮೂಲ ಫೋಟೋದಲ್ಲಿ ಅದು ಮುಕ್ಕಾಲು ಇಂಚಿಗೂ ಕಡಿಮೆ. ಎಂದರೆ ಎಂಟೂವರೆ ಪಟ್ಟು ಹಿಗ್ಗು. ಮೂಲದಲ್ಲಿ ಅರ್ಧ ಮಿಲಿಮೀಟರ್ ತಪ್ಪಾಗಿ ಓದಿದರೆ ಇಲ್ಲಿ ನಾಲ್ಕು ಮಿಲಿಮೀಟರಿಗೂ ಹೆಚ್ಚು ಸರಿಯುತ್ತದೆ, ಮತ್ತು ಕಣ್ಣಿನ ಕೊನೆ ನಾಲ್ಕು ಮಿಲಿಮೀಟರ್ ಸರಿದರೆ ಮನುಷ್ಯನೇ ಬೇರೆಯಾಗುತ್ತಾನೆ.

ಇದ್ದಿಲಿನ ರೇಖೆ ಮುಗಿದ ಮೇಲೆ ಮನೆಯವರನ್ನು ಕರೆಸಿದೆ. ಬಣ್ಣ ಹಚ್ಚುವ ಮೊದಲು ಕರೆಸುವುದು ನನ್ನ ರೂಢಿ, ಇದ್ದಿಲನ್ನು ಬಟ್ಟೆಯಿಂದ ಒರೆಸಬಹುದು. ಮೊಮ್ಮಗನ ಜೊತೆ ಅವರ ಸೋದರತ್ತೆಯೂ ಬಂದಿದ್ದರು. ಹಿರಿಯರ ಮಗಳು, ವಯಸ್ಸು ಎಪ್ಪತ್ತು ದಾಟಿರಬೇಕು. ಅವರು ಬಹಳ ಹೊತ್ತು ನೋಡಿ, "ಎತ್ತಿನ ಕೋಡು ಬಡಿದಿದ್ದು ಅಪ್ಪಾರ ಎಡ ಹುಬ್ಬಿಗಿರಿ. ನೀವು ಬಲಕ್ಕ ತೆಗದೀರಲ್ಲ?" ಎಂದರು. ಮೊಮ್ಮಗ, "ಅತ್ತಿ, ಫೋಟೋದಾಗ ಹಾಂಗೇ ಅದಲ್ಲ" ಎಂದರು. ಇಬ್ಬರ ಮಾತೂ ಸರಿಯಾಗಿತ್ತು.

ಫೋಟೋವನ್ನು ಭೂತಗನ್ನಡಿಯಲ್ಲಿ ಮತ್ತೆ ನೋಡಿದಾಗ ಉತ್ತರ ಮುಖದಲ್ಲಿರಲಿಲ್ಲ, ಅಂಗಿಯಲ್ಲಿತ್ತು. ಗಂಡಸರ ಅಂಗಿಯ ಜೇಬು ತೊಟ್ಟವರ ಎಡ ಎದೆಯ ಮೇಲಿರುತ್ತದೆ, ಗುಂಡಿಪಟ್ಟಿಯಲ್ಲಿ ಎಡ ಮಗ್ಗುಲು ಬಲ ಮಗ್ಗುಲಿನ ಮೇಲೆ ಬರುತ್ತದೆ. ಈ ಫೋಟೋದಲ್ಲಿ ಎರಡೂ ಅದಲುಬದಲಾಗಿದ್ದವು. ಸ್ಟುಡಿಯೋದಲ್ಲಿ ಪ್ರಿಂಟ್ ಹಾಕುವಾಗ ನೆಗೆಟಿವ್ ತಿರುವುಮುರುವಾಗಿ ಕುಳಿತಿತ್ತು. ಆ ಮನೆಯ ಗೋಡೆಯ ಮೇಲೆ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಇದ್ದದ್ದು ಕನ್ನಡಿಯೊಳಗಿನ ಮುಖ. ಹಳೆಯ ಫೋಟೋ ಕೈಗೆ ಬಂದ ಕೂಡಲೇ ಜೇಬು, ಗುಂಡಿಪಟ್ಟಿ, ಕೈಗಡಿಯಾರ, ಹಿಂದೆ ಏನಾದರೂ ಅಕ್ಷರಗಳಿದ್ದರೆ ಅವು, ಇಷ್ಟನ್ನು ನೋಡಿ ಆಮೇಲೆ ಚೌಕ ಎಳೆಯುವುದು ಒಳ್ಳೆಯದು.

ತಾಂತ್ರಿಕವಾಗಿ ಇದನ್ನು ಸರಿಪಡಿಸುವುದು ಕಷ್ಟವಲ್ಲ: ಪ್ರಿಂಟನ್ನು ತಿರುವಿ ಹಾಕಿಸಿ, ಇದ್ದಿಲು ಒರೆಸಿ, ಉಳಿದ ಬೂದುಕಲೆಯನ್ನು ಟರ್ಪೆಂಟೈನ್ ಬಟ್ಟೆಯಿಂದ ತೆಗೆದು ಮತ್ತೆ ರೇಖೆ ಹಾಕಬೇಕು. ತೊಡಕು ಬಂದದ್ದು ಬೇರೆ ಕಡೆ. ಯಾರ ಮುಖವೂ ಎರಡು ಕಡೆ ಒಂದೇ ಸಮ ಇರುವುದಿಲ್ಲ. ಇವರ ಒಂದು ಕಣ್ಣಿನ ರೆಪ್ಪೆ ತುಸು ಜೋತು ಬಿದ್ದಿತ್ತು, ಬಾಯಿಯ ಒಂದು ಕೊನೆ ಕೆಳಗಿತ್ತು. ತಿರುವಿದೊಡನೆ ಫೋಟೋದಿಂದಲೇ ಮುತ್ಯಾನನ್ನು (ಅಜ್ಜನನ್ನು) ಬಲ್ಲವರಿಗೆ ಅದು ಅವರ ತಮ್ಮನಂತೆ ಕಾಣತೊಡಗಿತು. "ಏನೋ ಬ್ಯಾರೆ ಆಗ್ಯಾದ್ರಿ. ನಾವು ಮುತ್ಯಾನ್ನ ನೋಡಿದ್ದೇ ಈ ಫೋಟೋದಾಗ" ಎಂದು ಮೊಮ್ಮಗ ಹೇಳಿದ್ದರಲ್ಲಿ ಹಟ ಇರಲಿಲ್ಲ. ಮನೆಯ ಕಿರಿಯರೆಲ್ಲರಿಗೂ ಮುತ್ಯಾ ಎಂದರೆ ಆ ತಿರುವಿದ ಮುಖವೇ.

ಕಾಗದದ ಮೇಲೆ ಎರಡು ತಲೆಗಳನ್ನು ಒಂದೇ ಅಳತೆಯಲ್ಲಿ ಇದ್ದಿಲಿನಿಂದ ಬರೆದೆ, ಒಂದು ಫೋಟೋದಂತೆ, ಇನ್ನೊಂದು ತಿರುವಿದ್ದು. ಎರಡನ್ನೂ ಊರಿಗೆ ಕಳಿಸಿ, ಯಾವುದು ಯಾವುದೆಂದು ಹೇಳದೆ ತೋರಿಸಲು ಕೇಳಿಕೊಂಡೆ. ಹಿರಿಯರ ಜೊತೆ ಹೊಲದಲ್ಲಿ ದುಡಿದಿದ್ದ ಪಕ್ಕದ ಮನೆಯ ಮುದುಕರು ತಿರುವಿದ್ದನ್ನೇ ಎತ್ತಿಕೊಂಡರಂತೆ, ಸೊಸೆಯಂದಿರು ಫೋಟೋದಂತಿದ್ದದ್ದನ್ನು. ಹಣ ಕೊಡುವವರ ಮಾತು ನಡೆಯಬೇಕೆಂಬುದು ಈ ಧಂದೆಯ ಕಟ್ಟಳೆ, ನಾನೂ ಅದನ್ನು ಮೀರಿದವನಲ್ಲ. ಆದರೂ ಈ ಸಲ ನನ್ನ ಅಭಿಪ್ರಾಯವನ್ನು ಮುಚ್ಚಿಡಲಿಲ್ಲ: ಕಿರಿಯರ ಕಣ್ಣು ಹೊಸ ಚಿತ್ರಕ್ಕೆ ಹೊಂದಿಕೊಳ್ಳುತ್ತದೆ, ತಂದೆಯನ್ನು ಎದುರಿಗೆ ಕಂಡ ಮಗಳ ಕಣ್ಣು ತಪ್ಪಾದ ಹುಬ್ಬಿಗೆ ಹೊಂದಿಕೊಳ್ಳುವುದಿಲ್ಲ. ಎರಡು ದಿನ ಬಿಟ್ಟು ಮೊಮ್ಮಗ ಫೋನ್ ಮಾಡಿ, "ಅತ್ತಿ ಹೇಳ್ದಾಂಗ ಮಾಡ್ರಿ ಸರ್, ಆಕಿ ಕಂಡಾಳ" ಎಂದರು.

ಅತ್ತೆಯವರಿಂದ ಇನ್ನೊಂದು ಸಂಗತಿಯೂ ತಿಳಿಯಿತು. ಫೋಟೋದಲ್ಲಿ ಹಣೆ, ಕೆನ್ನೆ ನುಣ್ಣಗಿದ್ದವು. ಫೋಟೋ ತೆಗೆಸಿದಾಗ ಹಿರಿಯರಿಗೆ ಅರವತ್ತರ ಹತ್ತಿರ. ಆ ಕಾಲದ ಸ್ಟುಡಿಯೋಗಳಲ್ಲಿ ನೆಗೆಟಿವ್ ಮೇಲೆ ಸೀಸದ ಕಡ್ಡಿಯಿಂದ ಟಚಿಂಗ್ ಮಾಡಿ ಗೆರೆಗಳನ್ನು ಅಳಿಸುವುದು ವಾಡಿಕೆಯಾಗಿತ್ತು. ಬಾಯಿಯ ಇಕ್ಕೆಲದ ಗೆರೆಗಳು ಆಳವಾಗಿದ್ದವು, ಕಣ್ಣಿನ ಕೊನೆಯಲ್ಲಿ ಬಿಸಿಲಿಗೆ ಕಿರಿದುಗೊಳಿಸಿ ನೋಡಿ ನೋಡಿ ಬಿದ್ದ ಮಡಿಕೆಗಳಿದ್ದವು ಎಂದು ಅವರು ತಮ್ಮ ಮುಖದ ಮೇಲೆಯೇ ಬೆರಳಿಟ್ಟು ತೋರಿಸಿದರು; ಅದೇ ಜಾಗದಲ್ಲಿ ಅವರಿಗೂ ಅವೇ ಗೆರೆಗಳಿದ್ದವು.

ಹಂತ 4. ರುಮಾಲು

ಫೋಟೋದಲ್ಲಿ ರುಮಾಲು ಬರಿಯ ಬಿಳಿ ಮುದ್ದೆ, ಒಂದು ಮಡಿಕೆಯೂ ಕಾಣುವುದಿಲ್ಲ. ಸೂಪರ್ ಮಾರ್ಕೆಟ್‌ನಿಂದ 450 ರೂಪಾಯಿಗೆ ಏಳು ಮೀಟರಿನ ಒಂದನ್ನು ತಂದು ನೋಡಿದರೆ ಗಂಜಿಯ ಬಿಗಿಗೆ ಮಡಿಕೆಗಳು ರಟ್ಟಿನಂತೆ ಚೂಪಾಗಿ ನಿಲ್ಲುತ್ತಿದ್ದವು. ಗಂಜಿ ಹೋಗುವವರೆಗೆ ಒಗೆಸಿ, ನೀಲಿ ಹಾಕಿ, ಇಸ್ತ್ರಿ ಇಲ್ಲದೆ ಒಣಗಿಸಿದ ಮೇಲೆ ಬಟ್ಟೆ ಹದಕ್ಕೆ ಬಂತು. ಕಟ್ಟಲು ಆ ಮನೆಯಲ್ಲಿ ಈಗ ಯಾರಿಗೂ ಬರುವುದಿಲ್ಲ, ಮದುವೆಗೆ ರೆಡಿಮೇಡ್ ಪೇಟ ತರುತ್ತಾರೆ. ಪಕ್ಕದ ಮನೆಯ ಅದೇ ಮುದುಕರನ್ನು ಕರೆಸಿಕೊಂಡು, ಬೆಳಕು ಫೋಟೋಗೆ ಸರಿಹೊಂದುವಂತೆ ಕುರ್ಚಿ ಹಾಕಿ ಕೂಡಿಸಿದೆ. ಫೋಟೋ ತಿರುವಿದ್ದರಿಂದ ಬೆಳಕಿನ ದಿಕ್ಕೂ ತಿರುಗಿದೆ ಎಂಬುದನ್ನು ಇಲ್ಲಿ ಮರೆಯಬಾರದು. ಅವರು ಕನ್ನಡಿ ಇಲ್ಲದೆ ಕಟ್ಟಿ ಮುಗಿಸಿದಾಗ ಚುಂಗು ಎಡಗಿವಿಯ ಹಿಂದೆ ಇಳಿಯಿತು, ತಿರುವಿ ಸರಿಪಡಿಸಿದ ಪ್ರಿಂಟಿನಲ್ಲೂ ಅಲ್ಲಿಯೇ ಇತ್ತು. ನೀಲಿ ಹಾಕಿದ ಬಟ್ಟೆಯ ನೆರಳು ತಣ್ಣಗಿನ ಬೂದು. ಅಲ್ಟ್ರಾಮರೀನ್ ನೀಲಿ, ಕೆಂಗಂದು ಬಣ್ಣದ ಬರ್ನ್ಟ್ ಸಿಯೆನಾ ಮತ್ತು ಬಿಳಿ ಸೇರಿಸಿದರೆ ಅದು ಸಿಗುತ್ತದೆ, ಕಪ್ಪು ಬೇಕಾಗಲಿಲ್ಲ.

ಹಂತ 5. ಬಣ್ಣ (ಏಪ್ರಿಲ್ ಕೊನೆಯಿಂದ ಮೇ ಕೊನೆಯವರೆಗೆ)

ತಳಪದರ ಬರ್ನ್ಟ್ ಅಂಬರ್ ಎಂಬ ಕಡುಗಂದು ಬಣ್ಣ ಮತ್ತು ಟರ್ಪೆಂಟೈನ್ ಮಾತ್ರ. ಅಂಬರ್ ಬೇಗ ಒಣಗುತ್ತದೆ, ಮರುದಿನವೇ ಮುಂದಿನ ಪದರಕ್ಕೆ ಹೋಗಬಹುದು. ಮೇಲಿನ ಪದರಗಳಿಗೆ ಹೋದಂತೆ ಟರ್ಪೆಂಟೈನ್ ಕಡಿಮೆ, ಅಗಸೆ ಎಣ್ಣೆ ಹೆಚ್ಚು. ಈ ಕ್ರಮ ತಿರುಗಿದರೆ ಮೇಲ್ಪದರ ಬಿರಿಯುತ್ತದೆ.

ಚರ್ಮದ ಬಣ್ಣಕ್ಕೆ ಕಪ್ಪು-ಬಿಳುಪು ಫೋಟೋ ಏನೂ ಹೇಳುವುದಿಲ್ಲ. ಹಿರಿಯರ ಕಿರಿಯ ಮಗ, ಮೊಮ್ಮಗನಿಗೆ ಕಾಕಾ, ಈಗಲೂ ತೊಗರಿ ಹೊಲ ನೋಡಿಕೊಂಡಿದ್ದಾರೆ; ಬಣ್ಣದಲ್ಲಿ ತಂದೆಯ ಹಾಗೆಯೇ ಎಂದು ಎಲ್ಲರೂ ಒಪ್ಪಿದ್ದರಿಂದ ರಟ್ಟಿನ ತುಂಡುಗಳ ಮೇಲೆ ಬೇರೆ ಬೇರೆ ಮಿಶ್ರಣ ಹಚ್ಚಿಕೊಂಡು ಊರಿಗೆ ಹೋಗಿ, ಹಗಲು ಬೆಳಕಿನಲ್ಲಿ ಅವರ ಕೆನ್ನೆಯ ಪಕ್ಕ ಹಿಡಿದು ನೋಡಿದೆ. ನೆರಳಿಗೆ ಬರ್ನ್ಟ್ ಅಂಬರ್ ಮತ್ತು ಕಡುಗೆಂಪು ಅಲಿಜರಿನ್, ನಡುಬಣ್ಣಕ್ಕೆ ಬರ್ನ್ಟ್ ಸಿಯೆನಾ ಮತ್ತು ಮಣ್ಣುಹಳದಿ ಯೆಲ್ಲೋ ಓಕರ್ ಸರಿಬಂದವು. ಕಪ್ಪು ಮೈಬಣ್ಣವನ್ನು ಬೆಳಗಿಸಲು ಬಿಳಿ ಬೆರೆಸುತ್ತ ಹೋದರೆ ಮುಖದ ಮೇಲೆ ಸಿಮೆಂಟು ಬಳಿದಂತಾಗುತ್ತದೆ, ಮೊದಲ ಪದರದಲ್ಲಿ ಬಲಗೆನ್ನೆ ಹಾಗೆಯೇ ಆಗಿ ಅದನ್ನು ಚಾಕುವಿನಿಂದ ಕೆರೆದು ತೆಗೆಯಬೇಕಾಯಿತು. ಬೆಳಕು ಬಿದ್ದ ಕಡೆ ಓಕರ್ ಏರಿಸಿ, ಹಣೆ ಮತ್ತು ಮೂಗಿನ ತುದಿಯ ಮಿಂಚಿಗೆ ಮಾತ್ರ ತುಸು ನೀಲಿ ಬೆರೆತ ಬಿಳಿ ಇಟ್ಟಾಗ ಚರ್ಮ ಚರ್ಮವಾಯಿತು. ಕಾಕಾ ತಲೆಯ ವಲ್ಲಿ ಬಿಚ್ಚಿದಾಗ ಕಂಡದ್ದು ಇನ್ನೊಂದು: ಹಣೆಯ ಮೇಲ್ತುದಿಯಲ್ಲಿ ಬಿಸಿಲು ಮುಟ್ಟದ ಒಂದು ಬೆರಳಗಲದ ತಿಳಿ ಪಟ್ಟಿ. ಅದನ್ನು ರುಮಾಲಿನ ಅಂಚಿನ ಕೆಳಗೆ ಅರೆಕಾಣುವಂತೆ ಇಟ್ಟಿದ್ದೇನೆ.

ಕಲಬುರಗಿಯ ಗಿರಾಕಿಗಳ ಕಣ್ಣಿನ ಬಗ್ಗೆಯೂ ಒಂದು ಮಾತು ಹೇಳಬೇಕು. 1916ರಲ್ಲಿ ಇಲ್ಲಿಯೇ ಹುಟ್ಟಿದ ಚಿತ್ರಕಾರ ಎಸ್. ಎಂ. ಪಂಡಿತರ ಕ್ಯಾಲೆಂಡರ್ ದೇವತೆಗಳ ಹೊಳಪು ಇನ್ನೂ ಮನೆಮನೆಯಲ್ಲಿ ಅಳತೆಗೋಲಾಗಿದೆ. "ಮುಖ ಜರಾ ಬೆಳ್ಳಗ ಮಾಡ್ರಿ, ಹೊಳೀಲಿ" ಎನ್ನದ ಗಿರಾಕಿ ಕಡಿಮೆ. ಇವರೂ ಕೇಳಿದರು. ದೇವರಿಗೆ ಒಪ್ಪುವ ಹೊಳಪು ನಲವತ್ತು ವರ್ಷ ಕುಂಟೆ ಹೊಡೆದವರ ಮುಖಕ್ಕೆ ಒಪ್ಪುವುದಿಲ್ಲ ಎಂದು ಹೇಳಿ, ಹೊಳಪನ್ನು ರುಮಾಲಿಗೆ ಕೊಟ್ಟೆ.

ಬೆಳಕಿನ ಕಷ್ಟ ಮೇ ತಿಂಗಳಲ್ಲಿ ಶುರುವಾಯಿತು. ಉತ್ತರದ ಕಿಟಕಿಯ ಬೆಳಕು ದಿನವಿಡೀ ಒಂದೇ ಸಮ ಇರುತ್ತದೆ ಎಂದು ಪಾಶ್ಚಾತ್ಯ ಪುಸ್ತಕಗಳೆಲ್ಲ ಬರೆಯುತ್ತವೆ, ಅವರ ದೇಶಗಳಿಗೆ ಅದು ಬಹುಮಟ್ಟಿಗೆ ನಿಜ. ಕಲಬುರಗಿ ಇರುವುದು 17 ಡಿಗ್ರಿಗಿಂತ ತುಸು ಮೇಲಿನ ಅಕ್ಷಾಂಶದಲ್ಲಿ. ಮೇ ಎರಡನೇ ವಾರದಿಂದ ಜುಲೈ ಕೊನೆಯವರೆಗೆ ಮಧ್ಯಾಹ್ನದ ಸೂರ್ಯನೂ ನಮ್ಮ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ, ಬೆಳಿಗ್ಗೆ ಸಂಜೆಯ ಓರೆ ಬಿಸಿಲು ಉತ್ತರದ ಕಿಟಕಿಯಿಂದ ನೇರ ಒಳಗೆ ಬರುತ್ತದೆ. ಬೆಳಗಿನ ಬಿಸಿಲಿನಲ್ಲಿ ಬೆರೆಸಿದ ಬಣ್ಣ ಹನ್ನೊಂದರ ಹೊತ್ತಿಗೆ ನೀಲಿಯಾಗಿ ಕಂಡು, ತಿದ್ದಿದ್ದನ್ನೇ ತಿದ್ದುವಂತಾಯಿತು. ಕಿಟಕಿಗೆ ಟ್ರೇಸಿಂಗ್ ಪೇಪರ್ ಅಂಟಿಸಿ ಹತ್ತರಿಂದ ಮೂರರವರೆಗೆ ಮಾತ್ರ ಮುಖದ ಕೆಲಸ, ಉಳಿದ ಹೊತ್ತಿನಲ್ಲಿ ಹಿನ್ನೆಲೆ ಎಂದು ಇಟ್ಟುಕೊಂಡ ಮೇಲೆ ದಾರಿಗೆ ಬಂತು.

ಆ ಹತ್ತರಿಂದ ಮೂರು ಎಂದರೆ 42 ಡಿಗ್ರಿಯ ಹೊತ್ತು. ಪ್ಯಾಲೆಟ್ ಮೇಲಿನ ಬಣ್ಣ ಮಧ್ಯಾಹ್ನದೊಳಗೆ ಕೆನೆಗಟ್ಟುತ್ತಿತ್ತು. ಲವಂಗದ ಎಣ್ಣೆ ಬಣ್ಣ ಒಣಗುವುದನ್ನು ತಡೆಯುತ್ತದೆ. ಆಯುರ್ವೇದ ಅಂಗಡಿಯಲ್ಲಿ 90 ರೂಪಾಯಿಗೆ ಸಿಕ್ಕ ಪುಟ್ಟ ಶೀಶೆಯಿಂದ ಒಂದು ಹನಿಯನ್ನು ಪ್ಯಾಲೆಟ್‌ನ ಇಡೀ ಬಿಳಿಗುಡ್ಡೆಗೆ ಬೆರೆಸಿದರೆ ಸಾಕಾಯಿತು. ಹೆಚ್ಚು ಹಾಕಿದರೆ ಚಿತ್ರವೇ ವಾರಗಟ್ಟಲೆ ಅಂಟಂಟಾಗಿ ಉಳಿಯುತ್ತದೆ, ನನ್ನಲ್ಲಿ ಎಡ ಭುಜದ ಅಂಗಿ ಹಾಗೆ ಉಳಿಯಿತು. ಆ ಅಂಟಿಗೆ ಕೂಲರ್ ಸೇರಿಕೊಂಡಿತು: ಅದರ ಪ್ಯಾಡಿನ ಒಣಹುಲ್ಲಿನ ಎಳೆಗಳು ಹಾರಿ ಭುಜದ ಮೇಲೆ ಕುಳಿತವು. ಹಸಿಯಿದ್ದಾಗ ಕಿತ್ತರೆ ಬಣ್ಣವೂ ಬರುತ್ತದೆ, ಆದ್ದರಿಂದ ಪೂರ್ತಿ ಒಣಗುವವರೆಗೆ ಕಾದು ಬ್ಲೇಡಿನ ತುದಿಯಿಂದ ಒಂದೊಂದಾಗಿ ಎಬ್ಬಿಸಿ ಆ ಜಾಗಕ್ಕೆ ಮತ್ತೆ ಬಣ್ಣ ಇಟ್ಟೆ. ಅಲ್ಲಿಂದ ಮುಂದೆ ಕೂಲರ್ ಪಕ್ಕದ ಕೋಣೆಯಲ್ಲಿ, ಬಾಗಿಲಿಗೆ ಒದ್ದೆ ಸೀರೆ.

ಹಂತ 6. ಮಂಕಾದ ಹಿನ್ನೆಲೆ, ಫ್ರೇಮು (ಜೂನ್ ಮೊದಲ ವಾರ)

ಕಡುಗಂದು ಹಿನ್ನೆಲೆ ಒಣಗಿದ ಮೇಲೆ ತೇಪೆ ಹಾಕಿದಂತೆ ಅಲ್ಲಲ್ಲಿ ಮಂಕಾಯಿತು. ಕೆಳಪದರ ಎಣ್ಣೆಯನ್ನು ಹೀರಿಕೊಂಡಾಗ ಹೀಗಾಗುತ್ತದೆ. ಅಗಸೆ ಎಣ್ಣೆ, ಟರ್ಪೆಂಟೈನ್ ಅರ್ಧರ್ಧ ಬೆರೆಸಿ ಹತ್ತಿ ಬಟ್ಟೆಯಿಂದ ತೆಳುವಾಗಿ ತಿಕ್ಕಿ, ಹೆಚ್ಚಾದದ್ದನ್ನು ಒರೆಸಿದಾಗ ಬಣ್ಣ ತಿರುಗಿ ಮೇಲೆ ಬಂತು. ಫ್ರೇಮಿನವರು ಒಳ ಅಳತೆಯನ್ನು ಕರಾರುವಾಕ್ಕಾಗಿ 30×40 ಕತ್ತರಿಸಿದ್ದರಿಂದ, ಬದಿಗೆ ಮಡಿಚಿದ ಕ್ಯಾನ್ವಾಸಿನ ದಪ್ಪಕ್ಕೆ ಜಾಗವಿಲ್ಲದೆ ಚಿತ್ರ ಕೂಡಲಿಲ್ಲ. ನಾಲ್ಕೂ ಕಡೆ ಕಾಲು ಇಂಚು ಸಡಿಲ ಬೇಕೆಂದು ಬರೆದೇ ಕೊಡಬೇಕು, ಬಾಯಿಮಾತು ಸಾಲದು.

ಲೆಕ್ಕ: ಚೌಕಟ್ಟಿಗೆ 1,100, ಕ್ಯಾನ್ವಾಸ್ ಮತ್ತು ಪ್ರೈಮರಿಗೆ 1,250, ಬಣ್ಣ-ಎಣ್ಣೆ-ಟರ್ಪೆಂಟೈನಿಗೆ 2,400, ಫೋಟೋ ಮತ್ತು ಪ್ರಿಂಟುಗಳಿಗೆ 380, ರುಮಾಲಿಗೆ 450, ಲವಂಗದ ಎಣ್ಣೆಗೆ 90, ಫ್ರೇಮಿಗೆ 4,200, ಊರಿನ ಓಡಾಟ ಮತ್ತು ಸಾಗಣೆಗೆ 1,200. ಒಟ್ಟು 11,070 ಹೋಗಿ ಕೈಗುಳಿಯುವುದು 16,930 ರೂಪಾಯಿ. ಎರಡು ಬಾರಿ ರೇಖೆ ಹಾಕಿದ ಕೂಲಿ ಇದರಲ್ಲಿ ಪ್ರತ್ಯೇಕ ಸೇರಿಲ್ಲ, ಸೇರಿಸಬೇಕಿತ್ತು ಎಂದು ಈಗ ಅನ್ನಿಸುತ್ತಿದೆ.

ಹಂತ 7. ಗೋಡೆಗೆ ಏರಿಸಿದ್ದು

ಪಡಸಾಲೆಯ ಗೋಡೆಗೆ ತೂಗುಹಾಕಿ ಏಣಿ ಇಳಿಯುವಷ್ಟರಲ್ಲಿ ಅತ್ತೆಯವರು ವಿಭೂತಿಯಲ್ಲಿ ಮೂರು ಬೆರಳು ಅದ್ದಿಕೊಂಡು ಚಿತ್ರದ ಹಣೆಯ ಕಡೆಗೆ ಕೈ ಎತ್ತಿದ್ದರು. "ಅವ್ವಾರೆ, ಮುಟ್ಟಬ್ಯಾಡ್ರಿ, ಬಣ್ಣ ಇನ್ನಾ ಹಸಿ ಅದ" ಎಂದು ತಡೆದೆ. ಹಣೆಯ ಮೇಲೆ ನಾನು ಬರೆದ ವಿಭೂತಿ ಇತ್ತು, ಅದು ಅವರಿಗೆ ಲೆಕ್ಕಕ್ಕಿಲ್ಲ. "ಹಾಂಗಾದ್ರ ಪೂಜಿ ಹ್ಯಾಂಗ ಮಾಡ್ಬೇಕ್ರಿ?" ಎಂದು ಕೇಳಿದರು, ಮತ್ತು ಅದು ನ್ಯಾಯವಾದ ಪ್ರಶ್ನೆಯಾಗಿತ್ತು. ಗಾಜಿನ ಹಿಂದಿನ ಫೋಟೋ ಆದರೆ ವಿಭೂತಿ, ಗಂಧ, ಕುಂಕುಮ ಎಲ್ಲವನ್ನೂ ಗಾಜು ತಡೆದುಕೊಳ್ಳುತ್ತದೆ. ತೆರೆದ ಕ್ಯಾನ್ವಾಸಿನ ಮೇಲೆ ಅವು ಬಣ್ಣದೊಳಗೆ ಇಳಿಯುತ್ತವೆ, ಒದ್ದೆ ಹೂವಿನ ಹಾರ ತಾಗಿದ ಕಡೆ ಕಲೆ ಉಳಿಯುತ್ತದೆ, ಊದಿನಕಡ್ಡಿಯ ಹೊಗೆ ಕೆಳಭಾಗವನ್ನು ಹಳದಿ ಮಾಡುತ್ತದೆ. ಇಂಥ ಮನೆಗಳಿಗೆ ಚಿತ್ರ ಕೊಡುವಾಗ ಪೂಜೆಯ ಏರ್ಪಾಡನ್ನು ಫ್ರೇಮಿನ ಜೊತೆಗೇ ಯೋಚಿಸಬೇಕು. ಅಂದೇ ಚಿತ್ತಾಪುರದಿಂದ ತರಿಸಿದ ಹಿತ್ತಾಳೆಯ ತಗಡನ್ನು ಫ್ರೇಮಿನ ಕೆಳಪಟ್ಟಿಗೆ ಹೊಡೆದು, ವಿಭೂತಿ ಅದಕ್ಕೆ ಹಚ್ಚುವುದೆಂದಾಯಿತು. ಹಾರಕ್ಕೆ ಫ್ರೇಮಿನ ಮೇಲ್ತುದಿಯಲ್ಲಿ ಎರಡು ಇಂಚು ಮುಂದಕ್ಕೆ ಚಾಚುವ ಕೊಕ್ಕೆ ಹಾಕಿದೆ, ದೀಪ ಮತ್ತು ಊದಿನಕಡ್ಡಿಗೆ ಗೋಡೆಯಿಂದ ಮೂರು ಅಡಿ ದೂರದಲ್ಲಿ ಮಣೆ.

ಬಾಕಿ ಹಣದಲ್ಲಿ 2,000 ರೂಪಾಯಿಯನ್ನು ವಾರ್ನಿಷ್ ದಿನಕ್ಕೆಂದು ಇಟ್ಟುಕೊಂಡಿದ್ದಾರೆ. ಆರು ತಿಂಗಳು ಒಣಗಿದ ಮೇಲೆ, ಡಿಸೆಂಬರಿನಲ್ಲಿ, ಡಾಮರ್ ಎಂಬ ಮರದ ಅಂಟಿನ ವಾರ್ನಿಷ್ ಹಚ್ಚಿ, ಕ್ಯಾನ್ವಾಸಿಗೆ ತಾಗದಂತೆ 6 ಮಿಲಿಮೀಟರ್ ಪಟ್ಟಿ ಕೊಟ್ಟು ಮುಂದೆ ಗಾಜು ಕೂಡಿಸಬೇಕು. ತಿರುವಿ ಸರಿಪಡಿಸಿದ ಫೋಟೋದ ಪ್ರತಿಗಳು ಮನೆಯ ಎಲ್ಲರಿಗೂ ಬೇಕೆಂದು ಮೊಮ್ಮಗ ಕೇಳಿದ್ದಾರೆ; ಪೋಸ್ಟ್‌ಕಾರ್ಡ್ ಅಳತೆಯಲ್ಲಿ ಪ್ರಿಂಟಿಗೆ ಕೊಟ್ಟಿದ್ದೇನೆ, ಅದರ ಬಿಲ್ಲು ಬೇರೆ.